ಆದಾಯ ತೆರಿಗೆ ಬಾಕಿಯ ನೆನಪೋಲೆ ಬಂದರೆ: ಹಣ ಕಟ್ಟುವ ಮುನ್ನ ಮಾಡಬೇಕಾದ ಕೆಲಸಗಳು

‘ಆದಾಯ ತೆರಿಗೆ ಬಾಕಿ ಇದೆ ಎಂದು ಇಲಾಖೆಯಿಂದ ಪತ್ರ ಬಂದಿದೆ, ಈಗ ಏನು ಮಾಡಬೇಕು?’ ಎಂದು ಮಂಗಳೂರು ಮತ್ತು ಉಡುಪಿಯ ಓದುಗರು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಉತ್ತರವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರು ಬ್ಯಾಂಕಿನಿಂದಲೋ ಶಾಲೆಯಿಂದಲೋ ನಿವೃತ್ತರಾಗಿ ಪಿಂಚಣಿ ಮತ್ತು ಠೇವಣಿ ಬಡ್ಡಿಯಲ್ಲಿ ಸಂಸಾರ ನಡೆಸುತ್ತಿರುವ ಹಿರಿಯರು, ಇಲ್ಲವೇ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿರುವಾಗ ಅವರ ಹೆಸರಿನ ಅಂಚೆಯನ್ನು ಊರಿನ ಮನೆಯಲ್ಲಿ ಒಡೆದು ಓದುವ ತಂದೆ ತಾಯಂದಿರು.

ಇವರಲ್ಲಿ ಒಂದು ಪಾಲಿನವರು ಹೆದರಿ ಅದೇ ಸಂಜೆ ಹಣ ಕಟ್ಟಿಬಿಡುತ್ತಾರೆ. ಇನ್ನೊಂದು ಪಾಲಿನವರು ‘ನಾನು ತೆರಿಗೆ ಕಟ್ಟಿದ್ದೇನಲ್ಲ’ ಎಂಬ ಧೈರ್ಯದಲ್ಲಿ ಪತ್ರವನ್ನು ಕಪಾಟಿನೊಳಗೆ ಇಟ್ಟು ಮರೆಯುತ್ತಾರೆ. ಎರಡರಿಂದಲೂ ನಷ್ಟವಿದೆ. ಬಾಕಿಯೇ ಇಲ್ಲದ ಹಣವನ್ನು ಕಟ್ಟಿದರೆ ಅದನ್ನು ಮರಳಿ ಪಡೆಯಲು ವರ್ಷಗಟ್ಟಲೆ ಅಲೆಯಬೇಕಾಗಬಹುದು. ಉತ್ತರಿಸದೆ ಉಳಿದರೆ ಇಲಾಖೆ ತನ್ನ ಲೆಕ್ಕವನ್ನು ನೀವು ಒಪ್ಪಿದ್ದೀರೆಂದೇ ಎಣಿಸಿ, ಮುಂದೆ ನಿಮಗೆ ಬರಬೇಕಾದ ಮರುಪಾವತಿಯಲ್ಲಿ ಅದನ್ನು ಮುರಿದುಕೊಳ್ಳುತ್ತದೆ. ಆದ್ದರಿಂದ ಬಾಕಿ ನಿಜವಾಗಿರಲಿ, ಸುಳ್ಳಾಗಿರಲಿ, ಗಡುವಿನೊಳಗೆ ಲಿಖಿತ ಉತ್ತರ ಹೋಗಲೇಬೇಕು.

ಮೊದಲಿಗೆ ಒಂದು ಪದದ ಅರ್ಥ. ಇಲಾಖೆಯ ಜಾಲತಾಣದಲ್ಲಿ ‘ಡಿಮಾಂಡ್’ ಎಂದು ಕಾಣುವುದನ್ನು ನಮ್ಮ ಕಂದಾಯದ ಭಾಷೆಯಲ್ಲಿ ‘ತಗಾದೆ’ ಎನ್ನುತ್ತಾರೆ. ನೀವು ಇಷ್ಟು ಹಣ ಕೊಡಬೇಕೆಂದು ಇಲಾಖೆ ಲೆಕ್ಕ ಹಾಕಿ ಕೇಳುವುದೇ ತಗಾದೆ. 1961ರ ಆದಾಯ ತೆರಿಗೆ ಅಧಿನಿಯಮದಲ್ಲಿ ಇದಕ್ಕೆ ಕಲಂ 156 ಆಧಾರ. ಮೊದಲ ತಗಾದೆ ಬಂದ ಮೇಲೆ 30 ದಿನಗಳೊಳಗೆ ಹಣ ಸಂದಾಯವಾಗದಿದ್ದರೆ, ಅಥವಾ ಉತ್ತರ ಹೋಗದಿದ್ದರೆ, ಮಿಂಚಂಚೆ, ಎಸ್‌ಎಂಎಸ್ ಅಥವಾ ಅಂಚೆಯ ಮೂಲಕ ಬರುವುದು ನೆನಪೋಲೆ. ನಿಮ್ಮ ಕೈಗೆ ಬಂದಿರುವುದು ನೆನಪೋಲೆಯಾದರೆ ಅದಕ್ಕೂ ಮೊದಲು ಬಂದ ಒಂದು ಪತ್ರ ನಿಮ್ಮ ಗಮನ ತಪ್ಪಿದೆ ಎಂದರ್ಥ, ಮತ್ತು ಆ ಹಳೆಯ ಪತ್ರವೇ ಈಗ ಮುಖ್ಯ.

ಹಂತ 1: ಪತ್ರ ಅಸಲಿಯೇ ಎಂದು ಪರೀಕ್ಷಿಸಿ

ಇಲಾಖೆಯ ಹೆಸರಿನಲ್ಲಿ ಮೋಸದ ಸಂದೇಶಗಳು ಹೇರಳವಾಗಿ ಬರುತ್ತಿರುವುದರಿಂದ, ಪತ್ರದಲ್ಲೋ ಮಿಂಚಂಚೆಯಲ್ಲೋ ಇರುವ ಕೊಂಡಿಯನ್ನು ಒತ್ತಬೇಡಿ ಮತ್ತು ಅದರಲ್ಲಿ ಕೊಟ್ಟಿರುವ ಮೊಬೈಲ್ ಸಂಖ್ಯೆಗೆ ಕರೆ ಮಾಡಬೇಡಿ. ಇಲಾಖೆಯ ಅಸಲಿ ಮಿಂಚಂಚೆಯ ವಿಳಾಸ ಸಾಮಾನ್ಯವಾಗಿ ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ಬ್ಯಾಂಕ್ ಖಾತೆಯ ಪಿನ್, ಪಾಸ್‌ವರ್ಡ್ ಅಥವಾ ಕಾರ್ಡಿನ ವಿವರಗಳನ್ನು ಇಲಾಖೆ ಮಿಂಚಂಚೆಯಲ್ಲಿ ಕೇಳುವುದಿಲ್ಲ. ಯುಪಿಐ ಸಂಖ್ಯೆಗೆ ಹಣ ಹಾಕಿ ಎಂದು ವಾಟ್ಸ್ಆ್ಯಪ್‌ನಲ್ಲಿ ಯಾರಾದರೂ ಬರೆದರೆ ಅದು ಮೋಸವೆಂದು ತಿಳಿಯಿರಿ.

2019ರ ಅಕ್ಟೋಬರ್ 1ರಿಂದ ಇಲಾಖೆ ಹೊರಡಿಸುವ ಪತ್ರಗಳಲ್ಲಿ ದಾಖಲೆ ಗುರುತಿನ ಸಂಖ್ಯೆ, ಅಂದರೆ ‘ಡಿನ್’, ಇರಬೇಕೆಂಬ ನಿಯಮವಿದೆ. ಇಲಾಖೆಯ ಜಾಲತಾಣದ ಮುಖಪುಟದಲ್ಲಿ, ಲಾಗಿನ್ ಆಗದೆಯೇ, ‘ಆಥೆಂಟಿಕೇಟ್ ನೋಟಿಸ್’ ಎಂಬ ಕೊಂಡಿ ಸಿಗುತ್ತದೆ. ಅಲ್ಲಿ ಈ ಸಂಖ್ಯೆಯನ್ನೂ ನಿಮ್ಮ ಮೊಬೈಲ್ ಸಂಖ್ಯೆಯನ್ನೂ ತುಂಬಿ, ಬಂದ ಒಟಿಪಿಯನ್ನು ನಮೂದಿಸಿದರೆ, ಆ ಪತ್ರ ಇಲಾಖೆಯದ್ದೇ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಜಾಲತಾಣದ ವಿಳಾಸವನ್ನು (incometax.gov.in) ನೀವೇ ಬೆರಳಚ್ಚಿಸಿ ತೆರೆಯಿರಿ, ಹುಡುಕಾಟದಲ್ಲಿ ಮೊದಲು ಕಂಡದ್ದನ್ನು ಒತ್ತಬೇಡಿ.

ಹಂತ 2: ವರ್ಷ, ಕಲಂ, ದಿನಾಂಕ – ಇವನ್ನು ಬರೆದಿಟ್ಟುಕೊಳ್ಳಿ

ಎಲ್ಲರ ಕಣ್ಣೂ ಮೊದಲು ಮೊತ್ತದ ಮೇಲೆ ಬೀಳುತ್ತದೆ. ನೀವು ಮೊದಲು ವರ್ಷವನ್ನು ನೋಡಿ. ಇಲಾಖೆ ಬರೆಯುವುದು ‘ಅಸೆಸ್‌ಮೆಂಟ್ ಇಯರ್’, ಅಂದರೆ ಕರ ನಿರ್ಧಾರಣಾ ವರ್ಷ. ನೀವು ಸಂಪಾದಿಸಿದ ಹಣಕಾಸು ವರ್ಷದ ಮುಂದಿನ ವರ್ಷ ಅದು. ಪತ್ರದಲ್ಲಿ 2024-25 ಎಂದಿದ್ದರೆ ಪ್ರಶ್ನೆಯಿರುವುದು 2023ರ ಏಪ್ರಿಲ್ 1ರಿಂದ 2024ರ ಮಾರ್ಚ್ 31ರವರೆಗಿನ ಆದಾಯದ ಬಗ್ಗೆ. ಈ ಒಂದು ವರ್ಷದ ವ್ಯತ್ಯಾಸ ತಿಳಿಯದೆ ತಪ್ಪು ವರ್ಷದ ಕಡತ ಹುಡುಕಿ, ತಪ್ಪು ವರ್ಷಕ್ಕೆ ಹಣ ಕಟ್ಟಿ, ಹಳೆಯ ತಗಾದೆ ಹಾಗೆಯೇ ಉಳಿದವರು ಬಹಳ ಮಂದಿ.

2025ರ ಹೊಸ ಆದಾಯ ತೆರಿಗೆ ಅಧಿನಿಯಮ 2026ರ ಏಪ್ರಿಲ್ 1ರಿಂದ ಜಾರಿಯಾಗುವುದರೊಂದಿಗೆ ‘ತೆರಿಗೆ ವರ್ಷ’ ಎಂಬ ಒಂದೇ ಪದ ಬಳಕೆಗೆ ಬರುತ್ತದೆ ಮತ್ತು ಕಲಂಗಳ ಸಂಖ್ಯೆಗಳೂ ಬದಲಾಗುತ್ತವೆ; ಆದರೆ ಅದಕ್ಕಿಂತ ಹಿಂದಿನ ವರ್ಷಗಳ ಲೆಕ್ಕ 1961ರ ಅಧಿನಿಯಮದಂತೆಯೇ ನಡೆಯುತ್ತದೆ. ಈ ಲೇಖನದಲ್ಲಿ ಬರುವ ಕಲಂ ಸಂಖ್ಯೆಗಳು ಹಳೆಯ ಅಧಿನಿಯಮದವು. ಉತ್ತರ ಬರೆಯುವಾಗ ನಿಮ್ಮ ಪತ್ರದಲ್ಲಿ ಮುದ್ರಿತವಾಗಿರುವ ಕಲಂ ಸಂಖ್ಯೆಯನ್ನೇ ಬಳಸಿ.

ವರ್ಷದ ನಂತರ ಕಲಂ. 143(1) ಎಂದಿದ್ದರೆ ನೀವು ಸಲ್ಲಿಸಿದ ರಿಟರ್ನನ್ನು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದ ಗಣಕಯಂತ್ರ ಪರಿಶೀಲಿಸಿ ವ್ಯತ್ಯಾಸ ಕಂಡಿದೆ ಎಂದರ್ಥ. ಸಾಮಾನ್ಯ ಸಂಬಳದಾರರಿಗೂ ಪಿಂಚಣಿದಾರರಿಗೂ ಬರುವ ತಗಾದೆಗಳಲ್ಲಿ ಹೆಚ್ಚಿನವು ಇವೇ. 143(3), 144 ಅಥವಾ 147 ಎಂದಿದ್ದರೆ ಅಧಿಕಾರಿಯೊಬ್ಬರು ವಿಚಾರಣೆ ನಡೆಸಿ ಆದೇಶ ಮಾಡಿದ್ದಾರೆ. ಅಂಥ ಪತ್ರ ಬಂದರೆ ಸ್ವಂತವಾಗಿ ಉತ್ತರಿಸಲು ಹೋಗದೆ ಲೆಕ್ಕ ಪರಿಶೋಧಕರ ಬಳಿ ಹೋಗುವುದೇ ಕ್ಷೇಮ. 245 ಎಂದಿದ್ದರೆ, ಹಳೆಯ ಬಾಕಿಯನ್ನು ಈ ವರ್ಷದ ಮರುಪಾವತಿಯಲ್ಲಿ ಮುರಿದುಕೊಳ್ಳುವ ಮುನ್ನ ಇಲಾಖೆ ನಿಮ್ಮ ಅಭಿಪ್ರಾಯ ಕೇಳುತ್ತಿದೆ. ಇದಕ್ಕೆ ಪತ್ರದಲ್ಲಿರುವ ಗಡುವು ಚಿಕ್ಕದು, ಅದನ್ನು ಕ್ಯಾಲೆಂಡರಿನಲ್ಲಿ ಕೂಡಲೇ ಗುರುತು ಮಾಡಿ.

ಕೊನೆಗೆ ತಗಾದೆಯ ಉಲ್ಲೇಖ ಸಂಖ್ಯೆ, ಆದೇಶದ ದಿನಾಂಕ, ಮೊತ್ತ. 30 ದಿನ ಮೀರಿದ ಬಾಕಿಗೆ ಕಲಂ 220(2)ರ ಪ್ರಕಾರ ಪ್ರತಿ ತಿಂಗಳಿಗೆ, ತಿಂಗಳ ಭಾಗಕ್ಕೂ ಸೇರಿ, ಶೇ 1ರಂತೆ ಬಡ್ಡಿ ಏರುತ್ತದೆ. ₹18,400 ಬಾಕಿಯಾದರೆ ತಿಂಗಳಿಗೆ ₹184. ಮೂರು ವರ್ಷ ಕಪಾಟಿನಲ್ಲಿ ಮಲಗಿದ ಪತ್ರಕ್ಕೆ ₹6,600ಕ್ಕೂ ಹೆಚ್ಚು.

ಹಂತ 3: ಕಾಗದಗಳನ್ನು ಒಟ್ಟು ಮಾಡಿ

ಪ್ಯಾನ್, ಜಾಲತಾಣದ ಪಾಸ್‌ವರ್ಡ್ ಮತ್ತು ಆಧಾರ್‌ಗೆ ಜೋಡಿಸಿದ ಮೊಬೈಲ್ ಮೊದಲು ಬೇಕು. ಮಗ ದುಬೈಗೆ ಹೋಗುವ ಮುನ್ನ ಮಾಡಿಕೊಟ್ಟ ಖಾತೆಯಲ್ಲಿ ಅವನ ಹಳೆಯ ಭಾರತೀಯ ಸಂಖ್ಯೆಯೇ ಇದ್ದು ಒಟಿಪಿ ಬಾರದೆ ವಾರಗಟ್ಟಲೆ ಕೆಲಸ ನಿಲ್ಲುವುದು ನಮ್ಮ ಜಿಲ್ಲೆಗಳಲ್ಲಿ ತೀರಾ ಸಾಮಾನ್ಯ. ಅದನ್ನು ಮೊದಲು ಸರಿಪಡಿಸಿಕೊಳ್ಳಿ.

ಆಮೇಲೆ ಆ ವರ್ಷದ ರಿಟರ್ನಿನ ಪ್ರತಿ, 143(1)ರ ತಿಳಿವಳಿಕೆ ಪತ್ರ, ಉದ್ಯೋಗದಾತರ ಫಾರ್ಮ್ 16, ಬ್ಯಾಂಕು ಕೊಟ್ಟ ಫಾರ್ಮ್ 16ಎ (ಇವೆರಡೂ ತೆರಿಗೆ ಕಡಿತದ ಪ್ರಮಾಣಪತ್ರಗಳು), ನೀವೇ ಕಟ್ಟಿದ ತೆರಿಗೆಯ ಚಲನ್‌ಗಳು. ತಿಳಿವಳಿಕೆ ಪತ್ರದ ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಕೇಳುತ್ತದೆ: ಪ್ಯಾನನ್ನು ಸಣ್ಣ ಅಕ್ಷರಗಳಲ್ಲಿ ಬರೆದು, ನಡುವೆ ಜಾಗ ಬಿಡದೆ, ಜನ್ಮದಿನಾಂಕದ ಎಂಟು ಅಂಕಿಗಳನ್ನು ಸೇರಿಸಬೇಕು. ಜಾಲತಾಣದಿಂದಲೇ ಫಾರ್ಮ್ 26ಎಎಸ್ ಮತ್ತು ವಾರ್ಷಿಕ ಮಾಹಿತಿ ಪಟ್ಟಿಯನ್ನು, ಅಂದರೆ ‘ಎಐಎಸ್’ ಅನ್ನು, ಇಳಿಸಿಕೊಳ್ಳಿ. 26ಎಎಸ್ ಎಂಬುದು ನಿಮ್ಮ ಪ್ಯಾನಿನ ಹೆಸರಿಗೆ ಯಾರು ಯಾರು ಎಷ್ಟು ತೆರಿಗೆ ಕಡಿತ ಮಾಡಿ ಸರಕಾರಕ್ಕೆ ಜಮೆ ಮಾಡಿದ್ದಾರೆ ಎಂಬ ಪಾಸ್‌ಬುಕ್ಕಿನಂತೆ. ಎಐಎಸ್‌ನಲ್ಲಿ ಬಡ್ಡಿ, ಲಾಭಾಂಶ, ಷೇರು ಮಾರಾಟ ಮುಂತಾದ ಆದಾಯದ ವಿವರ ಇರುತ್ತದೆ.

ಹಳೆಯ ವರ್ಷದ ತಗಾದೆಯಾದರೆ ನಮ್ಮ ಊರಿಗೇ ವಿಶೇಷವಾದ ಒಂದು ತೊಡಕಿದೆ. ಕರಾವಳಿಯವರ ಹಳೆಯ ಚಲನ್ ಪ್ರತಿಗಳ ಮೇಲಿರುವ ಮೊಹರು ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳದ್ದು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಮತ್ತು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಬ್ಯಾಂಕಿನ ಹೆಸರು ಅಳಿದರೂ ಆ ಚಲನ್ ಅಳಿಯುವುದಿಲ್ಲ. ಅದರ ಮೇಲಿರುವ ಬ್ಯಾಂಕಿನ ಶಾಖೆಯನ್ನು ಗುರುತಿಸುವ ಏಳು ಅಂಕಿಗಳ ಬಿಎಸ್ಆರ್ ಸಂಕೇತ, ಹಣ ಕಟ್ಟಿದ ದಿನಾಂಕ ಮತ್ತು ಐದು ಅಂಕಿಗಳ ಚಲನ್ ಕ್ರಮಾಂಕ, ಈ ಮೂರೂ ಸೇರಿ ‘ಸಿನ್’ ಎಂಬ ಗುರುತು ಆಗುತ್ತದೆ, ಇಲಾಖೆಗೆ ಬೇಕಾದದ್ದು ಅದೇ. ಆಟಿ ತಿಂಗಳ ತೇವಕ್ಕೆ ಈ ಕಾಗದಗಳ ಶಾಯಿ ಹರಡಿಹೋಗುತ್ತದೆ. ನನ್ನ ಮನೆಯಲ್ಲಿ ಹಾಗೆ ಹಾಳಾದ ಒಂದು ಚಲನ್‌ನ ಕ್ರಮಾಂಕವನ್ನು ಓದಲಾಗದೆ ಪಟ್ಟ ಪಾಡಿನ ನಂತರ, ಚಲನ್ ಕೈಗೆ ಬಂದ ದಿನವೇ ಅದರ ಚಿತ್ರ ತೆಗೆದಿಡುವುದನ್ನು ರೂಢಿಸಿಕೊಂಡಿದ್ದೇನೆ. ನೀವೂ ಹಾಗೆ ಮಾಡಿ.

ಹಂತ 4: ಬಾಕಿ ಎಲ್ಲಿಂದ ಹುಟ್ಟಿತು ಎಂದು ಪತ್ತೆ ಹಚ್ಚಿ

ಇಡೀ ಕೆಲಸದ ತಿರುಳು ಈ ಹಂತದಲ್ಲಿದೆ, ಮತ್ತು ಹೆಚ್ಚಿನವರು ಹಾರಿಹೋಗುವುದೂ ಇದನ್ನೇ. 143(1)ರ ತಿಳಿವಳಿಕೆ ಪತ್ರದಲ್ಲಿ ಅಂಕಿಗಳ ಎರಡು ಉದ್ದ ಪಟ್ಟಿಗಳು ಅಕ್ಕಪಕ್ಕದಲ್ಲಿರುತ್ತವೆ: ಎಡಗಡೆ ನೀವು ರಿಟರ್ನಿನಲ್ಲಿ ಕೊಟ್ಟದ್ದು, ಬಲಗಡೆ ಇಲಾಖೆ ಲೆಕ್ಕ ಹಾಕಿದ್ದು. ಒಂದು ಅಳತೆಪಟ್ಟಿಯನ್ನು ಕಾಗದದ ಮೇಲಿಟ್ಟು ಮೇಲಿನಿಂದ ಕೆಳಗೆ ಒಂದೊಂದೇ ಸಾಲಾಗಿ ಬನ್ನಿ. ಎಡ ಬಲಗಳ ಅಂಕಿ ಮೊದಲು ಬೇರೆಯಾಗುವ ಸಾಲಿಗೆ ಗುರುತು ಹಾಕಿ. ಬಾಕಿ ಹುಟ್ಟಿರುವುದು ಅಲ್ಲಿ. ಅದರ ಕೆಳಗಿನ ವ್ಯತ್ಯಾಸಗಳಲ್ಲಿ ಹೆಚ್ಚಿನವು ಅದರ ನೆರಳುಗಳು.

ವ್ಯತ್ಯಾಸ ತೆರಿಗೆ ಕಡಿತದ, ಅಂದರೆ ಟಿಡಿಎಸ್‌ನ, ಸಾಲಿನಲ್ಲಿದ್ದರೆ 26ಎಎಸ್ ಜೊತೆ ತಾಳೆ ನೋಡಿ. ನೀವು ತೋರಿಸಿದ ಕಡಿತ ಅಲ್ಲಿ ಇಲ್ಲವೆಂದರೆ ಕಡಿತ ಮಾಡಿದವರು ಜಮೆ ಮಾಡಿಲ್ಲ, ಅಥವಾ ತಮ್ಮ ತ್ರೈಮಾಸಿಕ ವಿವರಪಟ್ಟಿಯಲ್ಲಿ ನಿಮ್ಮ ಪ್ಯಾನ್ ತಪ್ಪಾಗಿ ಬರೆದಿದ್ದಾರೆ. ಅವರಿಗೆ ಲಿಖಿತವಾಗಿ ಬರೆದು ವಿವರಪಟ್ಟಿಯನ್ನು ತಿದ್ದಿಸಬೇಕು. ಜಂಟಿ ಠೇವಣಿಯಲ್ಲಿ ಇನ್ನೊಂದು ಗೊಂದಲವಿದೆ. ತಾಯಿಯ ಹೆಸರು ಮೊದಲು, ಮಗಳ ಹೆಸರು ಎರಡನೆಯದಾಗಿರುವ ಠೇವಣಿಯ ಕಡಿತ ತಾಯಿಯ ಪ್ಯಾನಿಗೆ ಹೋಗುತ್ತದೆ. ಹಣ ತನ್ನದೆಂದು ಮಗಳು ತನ್ನ ರಿಟರ್ನಿನಲ್ಲಿ ಅದನ್ನು ತೋರಿಸಿದರೆ ಗಣಕಯಂತ್ರ ಒಪ್ಪುವುದಿಲ್ಲ.

ಸಂಬಳದಿಂದ ಕಡಿತವಾದದ್ದು ಸಂಬಳಪತ್ರದಲ್ಲಿ ಸ್ಪಷ್ಟವಾಗಿದ್ದು, ಸಂಸ್ಥೆ ಮಾತ್ರ ಅದನ್ನು ಸರಕಾರಕ್ಕೆ ಕಟ್ಟದೆ ಮುಚ್ಚಿಹೋಗಿದ್ದರೆ? ಇಂಥವರು ದಯವಿಟ್ಟು ಎರಡನೆಯ ಸಲ ತೆರಿಗೆ ಕಟ್ಟಬೇಡಿ. ಕಲಂ 205ರ ಪ್ರಕಾರ, ಈಗಾಗಲೇ ನಿಮ್ಮಿಂದ ಕಡಿತವಾದ ಮೊತ್ತದಷ್ಟು ತೆರಿಗೆಯನ್ನು ನಿಮ್ಮಿಂದಲೇ ಮತ್ತೆ ನೇರವಾಗಿ ಕೇಳುವಂತಿಲ್ಲ, ಮತ್ತು ಇಂಥ ತಗಾದೆಗಳನ್ನು ಬಲವಂತವಾಗಿ ವಸೂಲು ಮಾಡಬಾರದೆಂದು ಕೇಂದ್ರ ನೇರ ತೆರಿಗೆಗಳ ಮಂಡಳಿ 2015 ಮತ್ತು 2016ರಲ್ಲಿ ತನ್ನ ಅಧಿಕಾರಿಗಳಿಗೆ ಸೂಚಿಸಿದೆ. ಸಂಬಳಪತ್ರ ಮತ್ತು ಬ್ಯಾಂಕಿನ ಲೆಕ್ಕಪಟ್ಟಿಯನ್ನು ಲಗತ್ತಿಸಿ ಈ ಕಲಂ ಅನ್ನು ಹೆಸರಿಸಿಯೇ ಉತ್ತರ ಬರೆಯಿರಿ.

ವ್ಯತ್ಯಾಸ ಟಿಡಿಎಸ್ ಅಲ್ಲದ, ಆದಾಯದಿಂದ ಕಳೆಯುವ ಕಡಿತಗಳ ಅಥವಾ ವಿನಾಯಿತಿಗಳ ಸಾಲಿನಲ್ಲಿದ್ದರೆ ಹಳೆಯ ಮತ್ತು ಹೊಸ ತೆರಿಗೆ ಪದ್ಧತಿಯ ಪ್ರಶ್ನೆ ನೋಡಿ. 2023-24ರ ಹಣಕಾಸು ವರ್ಷದಿಂದ, ನೀವಾಗಿ ಹಳೆಯದನ್ನು ಆರಿಸದಿದ್ದರೆ, ಇಂಥ ಹೆಚ್ಚಿನ ಕಡಿತಗಳಿಲ್ಲದ ಹೊಸ ಪದ್ಧತಿಯೇ ಅನ್ವಯಿಸುತ್ತದೆ. ಹಳೆಯ ಪದ್ಧತಿ ಬೇಕಾದವರು ಗಡುವಿನೊಳಗೆ ರಿಟರ್ನ್ ಸಲ್ಲಿಸಬೇಕು. ತಡವಾಗಿ ಸಲ್ಲಿಸಿದವರಿಗೆ ಉಳಿತಾಯದ ಹೂಡಿಕೆಗಿರುವ 80ಸಿ, ಆರೋಗ್ಯ ವಿಮೆಗಿರುವ 80ಡಿ, ಹಿರಿಯ ನಾಗರಿಕರ ಬಡ್ಡಿಗೆ ₹50,000ದವರೆಗಿನ 80ಟಿಟಿಬಿ ಯಾವುದೂ ಸಿಗುವುದಿಲ್ಲ. ವ್ಯಾಪಾರ ಅಥವಾ ವೃತ್ತಿಯ ಆದಾಯವಿದ್ದು ಹಳೆಯ ಪದ್ಧತಿಯಲ್ಲಿ ಉಳಿಯಬೇಕಾದವರು ಫಾರ್ಮ್ 10-ಐಇಎ ಕೂಡ ಸಲ್ಲಿಸಿರಬೇಕು. ರಿಟರ್ನ್ ತಡವಾದದ್ದೇ ಕಾರಣವಾದರೆ ತಗಾದೆ ಸರಿಯಾಗಿಯೇ ಇದೆ, ವಾದಿಸಿ ಪ್ರಯೋಜನವಿಲ್ಲ.

ಶಿಕ್ಷಕರೂ ಬ್ಯಾಂಕ್ ನೌಕರರೂ ಗಮನಿಸಬೇಕಾದ ಕಾರಣವೊಂದಿದೆ. ವೇತನ ಪರಿಷ್ಕರಣೆಯ ಹಿಂಬಾಕಿ ಒಟ್ಟಿಗೆ ಬಂದಾಗ ಆ ವರ್ಷದ ತೆರಿಗೆ ಏರದಂತೆ ಕಲಂ 89ರಲ್ಲಿ ಪರಿಹಾರವಿದೆ, ಆದರೆ ಅದಕ್ಕೆ ಫಾರ್ಮ್ 10ಇ ಎಂಬ ಪ್ರತ್ಯೇಕ ನಮೂನೆಯನ್ನು ಜಾಲತಾಣದಲ್ಲಿ ಸಲ್ಲಿಸಬೇಕು. ರಿಟರ್ನಿನಲ್ಲಿ ಪರಿಹಾರ ತೋರಿಸಿ ನಮೂನೆ ಸಲ್ಲಿಸದವರ ಪರಿಹಾರವನ್ನು ಗಣಕಯಂತ್ರ ಪೂರ್ತಿಯಾಗಿ ತೆಗೆದುಹಾಕುತ್ತದೆ, ಹಾಗೂ ಬರುವ ತಗಾದೆ ಸಣ್ಣದಿರುವುದಿಲ್ಲ. ವಿದೇಶದಲ್ಲಿ ತೆರಿಗೆ ಕಟ್ಟಿ ಊರಿಗೆ ಮರಳಿ ನೆಲೆಸಿದವರಿಗೆ, ಆ ತೆರಿಗೆಯನ್ನು ಇಲ್ಲಿ ಲೆಕ್ಕಕ್ಕೆ ಪಡೆಯಲು ಬೇಕಾದ ಫಾರ್ಮ್ 67 ಇದೇ ರೀತಿ ಕಾಡುತ್ತದೆ.

ನೀವೇ ಕಟ್ಟಿದ ತೆರಿಗೆ ಲೆಕ್ಕಕ್ಕೆ ಬಂದಿಲ್ಲವೆಂದರೆ ಚಲನ್‌ನಲ್ಲಿರುವ ವರ್ಷವನ್ನು ನೋಡಿ. ಹಣಕಾಸು ವರ್ಷವನ್ನೇ ನಿರ್ಧಾರಣಾ ವರ್ಷವೆಂದು ತಿಳಿದು ಕಟ್ಟಿದ ಹಣ ಹಿಂದಿನ ವರ್ಷದ ಲೆಕ್ಕದಲ್ಲಿ ಅನಾಥವಾಗಿ ಕುಳಿತಿರುತ್ತದೆ. ಇತ್ತೀಚಿನ ಚಲನ್ ಆದರೆ ಜಾಲತಾಣದಲ್ಲೇ ಕೆಲವೇ ದಿನಗಳೊಳಗೆ ತಿದ್ದಬಹುದು. ಆ ಅವಧಿ ಮೀರಿದ್ದರೆ ನಿಮ್ಮ ಕರ ನಿರ್ಧಾರಣಾ ಅಧಿಕಾರಿಗೆ ಅರ್ಜಿ ಕೊಡಬೇಕು.

ಇವೆಲ್ಲ ಸರಿಯಿದ್ದು ವ್ಯತ್ಯಾಸ ಬಡ್ಡಿಯ ಸಾಲಿನಲ್ಲಿ ಮಾತ್ರ ಕಂಡರೆ ಅದು ಮುಂಗಡ ತೆರಿಗೆ ಕಟ್ಟದ್ದಕ್ಕೋ ತಡವಾದದ್ದಕ್ಕೋ ವಿಧಿಸಿದ 234ಎ, 234ಬಿ, 234ಸಿ ಬಡ್ಡಿ. ಮೊತ್ತ ಸಣ್ಣದಾದರೆ ಕಟ್ಟಿ ಮುಗಿಸಿ. ₹100ಕ್ಕಿಂತ ಕಡಿಮೆ ತಗಾದೆಯನ್ನು ಕಟ್ಟಬೇಕಾಗಿಯೂ ಇಲ್ಲ, ಮುಂದಿನ ಮರುಪಾವತಿಯಲ್ಲಿ ಹೊಂದಿಕೆಯಾಗುತ್ತದೆ.

ಹಂತ 5: ಜಾಲತಾಣದಲ್ಲಿ ಉತ್ತರ ಸಲ್ಲಿಸಿ

ಲಾಗಿನ್ ಆಗಿ ‘ಪೆಂಡಿಂಗ್ ಆ್ಯಕ್ಷನ್ಸ್’ ಎಂಬಲ್ಲಿ ‘ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮಾಂಡ್’ ತೆರೆಯಿರಿ. ನಿಮ್ಮ ಹೆಸರಿನಲ್ಲಿರುವ ಎಲ್ಲ ತಗಾದೆಗಳೂ ವರ್ಷವಾರು ಕಾಣಿಸುತ್ತವೆ. ನೆನಪೋಲೆಯಲ್ಲಿ ಇಲ್ಲದ ಹಳೆಯದೊಂದು ಅಲ್ಲಿ ಕಂಡರೆ ಅದಕ್ಕೂ ಈಗಲೇ ಉತ್ತರಿಸಿಬಿಡಿ. ಮುಂದೆ ಎರಡು ಆಯ್ಕೆಗಳಿರುತ್ತವೆ.

ಮೊದಲನೆಯದು ‘ಡಿಮಾಂಡ್ ಈಸ್ ಕರೆಕ್ಟ್’, ಅಂದರೆ ತಗಾದೆ ಸರಿಯಿದೆ ಎಂಬ ಒಪ್ಪಿಗೆ. ಇಲ್ಲಿ ಬಹಳ ಎಚ್ಚರ ಬೇಕು. ಇದನ್ನು ಒಮ್ಮೆ ಒತ್ತಿ ಸಲ್ಲಿಸಿದರೆ ಅನಂತರ ಅದೇ ತಗಾದೆಯನ್ನು ಒಪ್ಪುವುದಿಲ್ಲವೆಂದು ಅಲ್ಲಿ ಹೇಳಲಾಗುವುದಿಲ್ಲ. ಹಂತ 4 ಮುಗಿಸದೆ, ‘ಏನಾಗುತ್ತದೆ ನೋಡೋಣ’ ಎಂದು ಇದನ್ನು ಒತ್ತಬೇಡಿ, ಸೈಬರ್ ಕೇಂದ್ರದವರಿಂದಲೂ ಒತ್ತಿಸಬೇಡಿ.

ಎರಡನೆಯದು ‘ಡಿಸ್ಅಗ್ರೀ’, ಪೂರ್ತಿಯಾಗಿ ಅಥವಾ ಭಾಗಶಃ ಒಪ್ಪುವುದಿಲ್ಲ ಎಂದು. ಒಟ್ಟು ₹18,400ರಲ್ಲಿ ₹3,000 ಮಾತ್ರ ನಿಜವೆಂದು ನಿಮಗೆ ಕಂಡರೆ ಉಳಿದದ್ದಕ್ಕೆ ಮಾತ್ರ ಅಸಮ್ಮತಿ ಸೂಚಿಸಬಹುದು. ಕಾರಣವನ್ನು ಪಟ್ಟಿಯಿಂದ ಆರಿಸಬೇಕು: ಈಗಾಗಲೇ ಕಟ್ಟಿದ್ದೇನೆ, ತಿದ್ದುಪಡಿ ಆದೇಶದಿಂದ ಕಡಿಮೆಯಾಗಿದೆ, ಮೇಲ್ಮನವಿ ಹಾಕಿದ್ದೇನೆ, ತಿದ್ದುಪಡಿ ಅರ್ಜಿ ಬಾಕಿಯಿದೆ ಇತ್ಯಾದಿ. ‘ಕಟ್ಟಿದ್ದೇನೆ’ ಎಂದು ಆರಿಸಿದರೆ ಬಿಎಸ್ಆರ್ ಸಂಕೇತ, ದಿನಾಂಕ, ಕ್ರಮಾಂಕ, ಮೊತ್ತವನ್ನು ತುಂಬಿ ಚಲನ್‌ನ ಪ್ರತಿಯನ್ನು ಏರಿಸಬೇಕು. ‘ಇತರೆ’ ಎಂದು ಆರಿಸಿ ಅರ್ಧ ಸಾಲು ಬರೆದು ಬಿಡುವುದು ಎಲ್ಲಕ್ಕಿಂತ ದುರ್ಬಲ ಉತ್ತರ, ಏಕೆಂದರೆ ಅದನ್ನು ಓದುವವರಿಗೆ ಪರಿಶೀಲಿಸಲು ಏನೂ ಸಿಗುವುದಿಲ್ಲ.

ಉತ್ತರದಲ್ಲಿ ಭಾವನೆಗಿಂತ ಅಂಕಿಗಳಿಗೆ ಜಾಗ ಕೊಡಿ. ಅಧಿಕಾರಿಗೆ ಕಾಗದದಲ್ಲಿ ಬರೆಯುವ ಸಂದರ್ಭ ಬಂದರೆ ಹೀಗೆ ಬರೆಯಬಹುದು:

‘2022-23ರ ಕರ ನಿರ್ಧಾರಣಾ ವರ್ಷಕ್ಕೆ ಸಂಬಂಧಿಸಿ, ಮೇಲೆ ಸೂಚಿಸಿದ ಉಲ್ಲೇಖ ಸಂಖ್ಯೆಯ ತಗಾದೆಯಲ್ಲಿ ನಾನು ಕಟ್ಟಿದ ₹12,000 ಸ್ವಯಂ ನಿರ್ಧಾರಣಾ ತೆರಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಚಲನ್‌ನಲ್ಲಿ ವರ್ಷವನ್ನು 2021-22 ಎಂದು ತಪ್ಪಾಗಿ ನಮೂದಿಸಿದ್ದೇ ಇದಕ್ಕೆ ಕಾರಣ. ಆ ಮೊತ್ತವನ್ನು 2021-22ರ ರಿಟರ್ನಿನಲ್ಲಿ ನಾನು ಬಳಸಿಕೊಂಡಿಲ್ಲ. ಚಲನ್, ಎರಡೂ ವರ್ಷಗಳ ರಿಟರ್ನ್ ಮತ್ತು 26ಎಎಸ್ ಪ್ರತಿಗಳನ್ನು ಲಗತ್ತಿಸಿದ್ದೇನೆ. ವರ್ಷವನ್ನು ತಿದ್ದಿ ತಗಾದೆಯನ್ನು ಪರಿಷ್ಕರಿಸಬೇಕೆಂದು ಕೋರುತ್ತೇನೆ.’

ಸಲ್ಲಿಸಿದೊಡನೆ ಬರುವ ವಹಿವಾಟು ಸಂಖ್ಯೆಯನ್ನು ಉಳಿಸಿಕೊಳ್ಳಿ.

ಹಂತ 6: ಬಾಕಿ ನಿಜವಾದರೆ ಸರಿಯಾದ ಶೀರ್ಷಿಕೆಯಲ್ಲಿ ಕಟ್ಟಿ

ತಗಾದೆಯ ಎದುರಿಗಿರುವ ‘ಪೇ ನೌ’ ಗುಂಡಿಯಿಂದಲೇ ಕಟ್ಟುವುದು ಉತ್ತಮ, ಏಕೆಂದರೆ ವರ್ಷ ಮತ್ತು ಉಲ್ಲೇಖ ಸಂಖ್ಯೆ ತಾವಾಗಿಯೇ ತುಂಬಿಕೊಳ್ಳುತ್ತವೆ. ಬೇರೆ ದಾರಿಯಲ್ಲಿ ಕಟ್ಟುವುದಾದರೆ ಉಪಶೀರ್ಷಿಕೆ (‘ಮೈನರ್ ಹೆಡ್’) 400 ಎಂಬುದನ್ನು ಆರಿಸಬೇಕು. ಅದು ತಗಾದೆಯ ಹಣಕ್ಕೆ ಮೀಸಲು. 100 ಎಂಬುದು ಮುಂಗಡ ತೆರಿಗೆಗೆ, 300 ಎಂಬುದು ರಿಟರ್ನ್ ಸಲ್ಲಿಸುವ ಮುನ್ನ ನೀವೇ ಲೆಕ್ಕ ಹಾಕಿ ಕಟ್ಟುವ ಸ್ವಯಂ ನಿರ್ಧಾರಣಾ ತೆರಿಗೆಗೆ. ಇವುಗಳಲ್ಲಿ ಕಟ್ಟಿದ ಹಣ ತಗಾದೆಗೆ ಜಮೆಯಾಗದೆ, ನೀವು ಕಟ್ಟಿದ ಮೇಲೂ ನೆನಪೋಲೆಗಳು ಬರುತ್ತಲೇ ಇರುತ್ತವೆ. ಜಾಲ ಬ್ಯಾಂಕಿಂಗ್ ಇಲ್ಲದವರು ಅಲ್ಲಿಯೇ ಚಲನ್ ಸಿದ್ಧಪಡಿಸಿ ಮುದ್ರಿಸಿಕೊಂಡು ಬ್ಯಾಂಕಿನ ಶಾಖೆಯಲ್ಲಿ ಕಟ್ಟಬಹುದು. ಒಟ್ಟಿಗೆ ಕಟ್ಟಲಾಗದವರು ಕಂತುಗಳಿಗಾಗಿ ಕಲಂ 220(3)ರ ಪ್ರಕಾರ ಅಧಿಕಾರಿಗೆ ಅರ್ಜಿ ಕೊಡಬಹುದು. ಅರ್ಜಿಯನ್ನು 30 ದಿನಗಳ ಗಡುವು ಮುಗಿಯುವ ಮುನ್ನವೇ ಕೊಡುವುದು ಮುಖ್ಯ.

ಹಂತ 7: ತಪ್ಪು ಇಲಾಖೆಯದ್ದಾದರೆ ತಿದ್ದುಪಡಿ ಅರ್ಜಿ

ಹಂತ 5ರ ಉತ್ತರದಿಂದ ತಗಾದೆ ತಾನಾಗಿ ಅಳಿಯುವುದಿಲ್ಲ ಎಂಬುದನ್ನು ಬಹಳ ಮಂದಿ ತಿಳಿದಿಲ್ಲ. ಅಸಮ್ಮತಿ ಸೂಚಿಸಿ ನಿಶ್ಚಿಂತರಾಗುತ್ತಾರೆ, ಮುಂದಿನ ವರ್ಷ ಮರುಪಾವತಿ ತಡೆಹಿಡಿದಾಗ ಬೆಚ್ಚುತ್ತಾರೆ. ಆದೇಶವೇ ತಪ್ಪಾಗಿದ್ದರೆ ಕಲಂ 154ರ ಪ್ರಕಾರ ಅದನ್ನು ತಿದ್ದಿಸಬೇಕು. ಜಾಲತಾಣದ ‘ಸರ್ವಿಸಸ್’ ಪಟ್ಟಿಯಲ್ಲಿ ‘ರೆಕ್ಟಿಫಿಕೇಶನ್’ ಇದೆ. ರಿಟರ್ನಿನಲ್ಲಿ ಏನೂ ತಪ್ಪಿಲ್ಲದೆ, ಬ್ಯಾಂಕು ತಡವಾಗಿ ವಿವರಪಟ್ಟಿ ತಿದ್ದಿದ್ದರಿಂದ ಈಗ 26ಎಎಸ್‌ನಲ್ಲಿ ಕಡಿತ ಕಾಣಿಸುತ್ತಿದ್ದರೆ ರಿಟರ್ನನ್ನು ಮರುಸಂಸ್ಕರಿಸಿ ಎಂದು ಕೇಳಿದರೆ ಸಾಕು. ಚಲನ್ ಅಥವಾ ಕಡಿತದ ವಿವರ ತುಂಬುವಾಗ ನಿಮ್ಮಿಂದ ತಪ್ಪಾಗಿದ್ದರೆ ತೆರಿಗೆ ಜಮೆಯ ತಿದ್ದುಪಡಿಯನ್ನು ಆರಿಸಿ.

ದಾಖಲೆಯ ಮೇಲ್ನೋಟದಲ್ಲೇ ಕಾಣುವ ತಪ್ಪುಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ರಿಟರ್ನಿನಲ್ಲಿ ಮರೆತುಹೋದ, 80ಸಿಯಂಥ ಹೊಸ ಕಡಿತವೊಂದನ್ನು ಈ ದಾರಿಯಲ್ಲಿ ಸೇರಿಸಲಾಗದು. ಆದೇಶವಾದ ಹಣಕಾಸು ವರ್ಷ ಮುಗಿದ ನಂತರ ನಾಲ್ಕು ವರ್ಷಗಳವರೆಗೆ ಅರ್ಜಿ ಹಾಕಬಹುದು. ಅರ್ಜಿ ಬಂದ ತಿಂಗಳ ಕೊನೆಯಿಂದ ಆರು ತಿಂಗಳೊಳಗೆ ಇಲಾಖೆ ತೀರ್ಮಾನಿಸಬೇಕು. ತಗಾದೆಯ ವಿವರದಲ್ಲಿ ತಿದ್ದುಪಡಿಯ ಹಕ್ಕು ಸ್ಥಳೀಯ ಅಧಿಕಾರಿಗೆ ವರ್ಗವಾಗಿದೆ ಎಂದು ಕಂಡರೆ ಬೆಂಗಳೂರಿಗೆ ಹಾಕಿದ ಅರ್ಜಿ ನಡೆಯುವುದಿಲ್ಲ, ಸ್ಥಳೀಯ ಅಧಿಕಾರಿಗೇ ಕೊಡಬೇಕು.

ಹಂತ 8: ಕಾನೂನಿನ ಭಿನ್ನಾಭಿಪ್ರಾಯವಾದರೆ ಮೇಲ್ಮನವಿ

ಆದೇಶ ತಲುಪಿದ 30 ದಿನಗಳೊಳಗೆ ಫಾರ್ಮ್ 35ರಲ್ಲಿ ಮೇಲ್ಮನವಿ ಸಲ್ಲಿಸಬೇಕು. ಆದಾಯಕ್ಕೆ ತಕ್ಕಂತೆ ಶುಲ್ಕ ₹250, ₹500 ಅಥವಾ ₹1,000. ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಾತಿ ನಿಲ್ಲುವುದಿಲ್ಲ. ತಡೆಯಾಜ್ಞೆಗಾಗಿ ಅಧಿಕಾರಿಗೆ ಪ್ರತ್ಯೇಕ ಅರ್ಜಿ ಬೇಕು, ಸಾಮಾನ್ಯವಾಗಿ ವಿವಾದಿತ ಮೊತ್ತದ ಶೇ 20 ಕಟ್ಟಿದ ಮೇಲೆ ಅದು ಸಿಗುತ್ತದೆ. ಈ ಹಂತಕ್ಕೆ ಬಂದವರು ಲೆಕ್ಕ ಪರಿಶೋಧಕರ ಶುಲ್ಕವನ್ನು ಉಳಿಸಲು ನೋಡಬಾರದು ಎಂಬುದು ನನ್ನ ಅಭಿಪ್ರಾಯ.

ಕೆಲವು ವಿಶೇಷ ಸಂದರ್ಭಗಳು

ತೀರಿಹೋದವರ ಹೆಸರಿಗೆ ಪತ್ರ ಬಂದರೆ, ವಾರಸುದಾರರಲ್ಲಿ ಒಬ್ಬರು ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ದಾಖಲೆಯೊಂದಿಗೆ ಜಾಲತಾಣದಲ್ಲಿ ಕಾನೂನುಬದ್ಧ ಪ್ರತಿನಿಧಿಯಾಗಿ ನೋಂದಾಯಿಸಿಕೊಂಡು ಉತ್ತರಿಸಬೇಕು. ತೀರಿಹೋದವರಿಂದ ಬಂದ ಆಸ್ತಿ ಎಷ್ಟೋ ಅಷ್ಟಕ್ಕೆ ಮಾತ್ರ ವಾರಸುದಾರರ ಹೊಣೆ ಸೀಮಿತವೆಂದು ಕಲಂ 159 ಹೇಳುತ್ತದೆ; ಸ್ವಂತ ದುಡಿಮೆಯಿಂದ ಕಟ್ಟಬೇಕಾಗಿಲ್ಲ.

ಬಹಳ ಹಳೆಯ ಸಣ್ಣ ತಗಾದೆಯಾದರೆ ಅದು ಮನ್ನಾ ಆಗಿರಬಹುದು. 2024ರ ಫೆಬ್ರುವರಿಯ ಆದೇಶದಂತೆ 2010-11ರ ಕರ ನಿರ್ಧಾರಣಾ ವರ್ಷದವರೆಗಿನ ತಲಾ ₹25,000ದವರೆಗಿನ, ಹಾಗೂ 2011-12ರಿಂದ 2015-16ರವರೆಗಿನ ತಲಾ ₹10,000ದವರೆಗಿನ ತಗಾದೆಗಳನ್ನು, ಒಬ್ಬ ತೆರಿಗೆದಾರರಿಗೆ ಒಟ್ಟು ₹1 ಲಕ್ಷದ ಮಿತಿಯಲ್ಲಿ, ಇಲಾಖೆ ಕೈಬಿಟ್ಟಿದೆ. ಈ ವರ್ಷಗಳ ಬಾಕಿ ಕಟ್ಟುವ ಮುನ್ನ ಜಾಲತಾಣದಲ್ಲಿ ಅದರ ಸ್ಥಿತಿಯನ್ನು ನೋಡಿ.

ಮನೆ ಅಥವಾ ಫ್ಲ್ಯಾಟ್ ಕೊಂಡವರಿಗೆ, ‘ನೀವು ಮಾರಾಟಗಾರರಿಂದ ಕಡಿಮೆ ತೆರಿಗೆ ಕಡಿತ ಮಾಡಿದ್ದೀರಿ’ ಎಂದು ಬರುವ ಪತ್ರ ಬೇರೆಯೇ ಜಾತಿಯದು. ಮಾರಿದವರ ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದಾಗ, ಅಥವಾ ಅವರು ಅನಿವಾಸಿಯಾಗಿದ್ದೂ ಕೊಂಡವರು ನಿವಾಸಿಗಳಿಗೆ ಅನ್ವಯಿಸುವ ಶೇ 1ರ ದರದಲ್ಲಿ ಕಡಿತ ಮಾಡಿದಾಗ ಇದು ಬರುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿರುವವರ ಫ್ಲ್ಯಾಟುಗಳು ಕೈ ಬದಲಾಗುತ್ತಲೇ ಇರುವ ನಮ್ಮ ಊರಿನಲ್ಲಿ ಇದು ವಿರಳವಲ್ಲ. ಮೇಲೆ ಹೇಳಿದ ಹಂತಗಳು ಇದಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ, ಪತ್ರವನ್ನು ಪರಿಣತರಿಗೆ ತೋರಿಸಿ.

ಹಂತ 9: ಬೆನ್ನು ಹತ್ತಿ

ಉತ್ತರ ಅಥವಾ ತಿದ್ದುಪಡಿ ಅರ್ಜಿ ಸಲ್ಲಿಸಿದ ಮೇಲೆ ತಿಂಗಳಿಗೊಮ್ಮೆ ಲಾಗಿನ್ ಆಗಿ ಸ್ಥಿತಿಯನ್ನು ನೋಡಿ. ಬೆಂಗಳೂರಿನ ಕೇಂದ್ರದ ಸಹಾಯವಾಣಿ 1800 103 0025 ಮತ್ತು 080-46122000. ಕರೆ ಮಾಡುವಾಗ ಪ್ಯಾನ್, ವರ್ಷ, ತಗಾದೆಯ ಉಲ್ಲೇಖ ಸಂಖ್ಯೆ ಕೈಯಲ್ಲಿರಲಿ. ಸ್ಥಳೀಯ ಅಧಿಕಾರಿಯ ಬಳಿ ಇರುವ ಪ್ರಕರಣವಾದರೆ ಮಂಗಳೂರಿನವರು ಅತ್ತಾವರದ ಸಿ.ಆರ್. ಕಟ್ಟಡಕ್ಕೆ ಹೋಗಬೇಕು, ಉಡುಪಿಯಲ್ಲಿಯೂ ಇಲಾಖೆಯ ಕಚೇರಿಯಿದೆ. ನಿಮ್ಮ ಪ್ಯಾನ್ ಯಾವ ಅಧಿಕಾರಿಯ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಜಾಲತಾಣದ ‘ನೋ ಯುವರ್ ಎಒ’ ಎಂಬ ಕೊಂಡಿಯಲ್ಲಿ ಮೊದಲೇ ತಿಳಿದುಕೊಂಡರೆ ಮಳೆಯಲ್ಲಿ ಎರಡು ಸಲ ಬಸ್ಸು ಹತ್ತುವುದು ತಪ್ಪುತ್ತದೆ. ಮುಂಬಯಿಯಲ್ಲಿ ದುಡಿದು ಊರಿಗೆ ಮರಳಿದವರ ಪ್ಯಾನ್ ಇನ್ನೂ ಅಲ್ಲಿನ ಅಧಿಕಾರಿಯ ಬಳಿಯೇ ಉಳಿದಿರುವುದುಂಟು. ಹಾಗಿದ್ದರೆ ವ್ಯಾಪ್ತಿಯನ್ನು ಇಲ್ಲಿಗೆ ವರ್ಗಾಯಿಸಲು ಪ್ರತ್ಯೇಕ ಅರ್ಜಿ ಬೇಕಾಗುತ್ತದೆ.

ಕಚೇರಿಗೆ ಕೊಡುವ ಪ್ರತಿ ಕಾಗದದ ಇನ್ನೊಂದು ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಆರು ತಿಂಗಳಾದರೂ ತೀರ್ಮಾನ ಬಾರದಿದ್ದರೆ ಆ ಮೊಹರಿನ ಚಿತ್ರವನ್ನು ಲಗತ್ತಿಸಿ ಜಾಲತಾಣದ ‘ಗ್ರೀವನ್ಸಸ್’ ವಿಭಾಗದಲ್ಲಿ ದೂರು ದಾಖಲಿಸಿ. ತಗಾದೆ ತೆರವಾದ ಮೇಲೆ ಹೊಸ ಆದೇಶದ ಪ್ರತಿಯನ್ನು ಇಳಿಸಿಕೊಂಡು, ಬಾಕಿ ಸೊನ್ನೆ ಎಂದಿರುವುದನ್ನು ನೋಡಿ, ಹಳೆಯ ನೆನಪೋಲೆಯ ಜೊತೆಯಲ್ಲೇ ಕಡತಕ್ಕೆ ಸೇರಿಸಿ.